ಹಳೆ ಕಾರಿನ ಬಂಪರ್‌ನಿಂದ ಕ್ರೋಮ್ ತೆಗೆಯುವುದು: ಬಳ್ಳಾರಿ ಸೀಮೆಯವರಿಗೆ ಒಂದು ಮಾರ್ಗದರ್ಶಿ

ಹಳೆ ಅಂಬಾಸಿಡರ್ ಬಂಪರ್ ಮೇಲೆ ಹೊಳೆಯುವ ಕ್ರೋಮ್ ಎಷ್ಟು ದಪ್ಪ ಇರುತ್ತದೆ ಗೊತ್ತಾ? ಸಾಮಾನ್ಯವಾಗಿ ಕಾಲು ಮೈಕ್ರಾನ್‌ನಿಂದ ಅರ್ಧ ಮೈಕ್ರಾನ್. ನಮ್ಮ ತಲೆಗೂದಲು ಅದಕ್ಕಿಂತ ನೂರು ಪಟ್ಟಿಗೂ ಜಾಸ್ತಿ ದಪ್ಪ. ಬಂಪರ್‌ಗೆ ಗಟ್ಟಿ ಕವಚ ಅಂತ ನಾವು ಅಂದುಕೊಳ್ಳುವುದು ಅದರ ಕೆಳಗಿರುವ ನಿಕ್ಕಲ್. ಅದು ಹತ್ತರಿಂದ ನಲವತ್ತು ಮೈಕ್ರಾನ್‌ವರೆಗೆ ಇರುತ್ತದೆ. ಕೆಲವು ಬಂಪರ್‌ಗಳಲ್ಲಿ ನಿಕ್ಕಲ್ ಕೆಳಗೆ ತಾಮ್ರದ ಪದರವೂ ಸಿಗುತ್ತದೆ. ಎಲ್ಲಕ್ಕಿಂತ ಕೆಳಗೆ ಉಕ್ಕಿನ ತಗಡು.

ಈ ಲೆಕ್ಕ ತಲೆಯಲ್ಲಿದ್ದರೆ ಉಳಿದ ಕೆಲಸವೆಲ್ಲ ಅರ್ಥವಾಗುತ್ತದೆ. ಕ್ರೋಮ್ ಬಿಡಿಸುವುದು ಸಣ್ಣ ಕೆಲಸ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅದಕ್ಕೆ ಮೊದಲು ಯೋಚಿಸುವುದು, ಆಮೇಲೆ ಉಳಿದ ನೀರನ್ನು ಸಂಭಾಳಿಸುವುದು, ಇವೆರಡೇ ನಿಜವಾದ ಕೆಲಸ. ಬಂಪರ್ ಹೊಳೆಯಲಿ ಅಂತ ಬೋರ್‌ವೆಲ್ ಕೆಡಿಸಿಕೊಳ್ಳುವುದು ಬೇಡ. ಅದಕ್ಕೇ ಈ ಲೇಖನದಲ್ಲಿ ಆಸಿಡ್‌ಗಿಂತ ಜಾಸ್ತಿ ಜಾಗವನ್ನು ಉಳಿದ ಮಾತುಗಳಿಗೆ ಕೊಟ್ಟಿದ್ದೇನೆ.

ಮೊದಲು: ನಿಜವಾಗಿ ತೆಗೆಯಬೇಕಾ?

ಬಳ್ಳಾರಿ, ಸಂಡೂರು, ತೋರಣಗಲ್ಲು ಕಡೆ ಓಡಾಡಿದ ಕಾರಿನ ಬಂಪರ್ ಕೆಂಪಗೆ ಕಂಡ ಕೂಡಲೇ ತುಕ್ಕು ಅಂತ ತೀರ್ಮಾನ ಮಾಡಬೇಡಿ. ಇಲ್ಲಿನ ಕಬ್ಬಿಣದ ಅದಿರಿನ ಧೂಳೂ ಅದೇ ಬಣ್ಣ. ತೇವ ತಾಗಿ ಒಣಗಿದರೆ ಅದು ಕ್ರೋಮ್ ಮೇಲೆ ಗಟ್ಟಿಯಾಗಿ ಕೂತುಬಿಡುತ್ತದೆ, ನೋಡಿದರೆ ತುಕ್ಕೇ. ಒಣ ಬಟ್ಟೆಯಿಂದ ಉಜ್ಜಬಾರದು, ಗೀರು ಬೀಳುತ್ತದೆ. ಮೊದಲು ನೀರು ಧಾರಾಳವಾಗಿ ಸುರಿದು, ಆಮೇಲೆ ಶಾಂಪೂ ನೀರಲ್ಲಿ ಮೆತ್ತನೆ ಬಟ್ಟೆ ಅದ್ದಿ ತೊಳೆಯಿರಿ. ಎಷ್ಟೋ ಬಂಪರ್‌ಗಳ "ತುಕ್ಕು" ಇಲ್ಲೇ ಮುಗಿಯುತ್ತದೆ.

ತೊಳೆದ ಮೇಲೂ ಕಂದು ಚುಕ್ಕೆ ಉಳಿದರೆ ಅದು ನಿಜವಾದ ತುಕ್ಕು. ಕ್ರೋಮ್ ತಾನಾಗಿ ಹೀಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಕ್ರೋಮ್, ನಿಕ್ಕಲ್ ಎರಡರಲ್ಲೂ ಸೂಜಿಮೊನೆಯಂಥ ರಂಧ್ರಗಳಿರುತ್ತವೆ. ಅಲ್ಲಿಂದ ತೇವ ಇಳಿದು ಉಕ್ಕು ತಿನ್ನುತ್ತದೆ, ಆ ತುಕ್ಕು ಮೇಲೆ ಬಂದು ಕಾಣಿಸುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದು ಚೂರು ಮುದ್ದೆ ಮಾಡಿ, ನೀರಲ್ಲಿ ಅದ್ದಿ, ಹಗುರ ಕೈಯಲ್ಲಿ ಉಜ್ಜಿ ನೋಡಿ. ಫಾಯಿಲ್ ಕ್ರೋಮ್‌ಗಿಂತ ತುಂಬ ಮೆದು, ಗೀರು ಬೀಳಲ್ಲ. ಚುಕ್ಕೆ ಹೋಗಿ ಹೊಳಪು ಬಂದರೆ ಒರೆಸಿ ಮೇಣದ ಪಾಲಿಶ್ ಹಚ್ಚಿ, ಕಾರು ಓಡಿಸಿ. ಅಂಥ ಬಂಪರ್‌ನ ಕ್ರೋಮ್ ತೆಗೆಯುವುದು ಅನ್ಯಾಯ. ಹಳೆ ಕಾರಿಗೆ ಅದರ ಹುಟ್ಟಿನ ಹೊಳಪು ಸ್ವಲ್ಪ ಮಂಕಾಗಿದ್ದರೂ ಚೆಂದ ಅನ್ನುವವನು ನಾನು.

ಹಾಗಾದರೆ ಯಾವಾಗ ತೆಗೆಯಬೇಕು? ಪದರ ಸಿಪ್ಪೆಯಂತೆ ಏಳುತ್ತಿದ್ದರೆ. ಉಗುರು ಹಾಕಿದರೆ ಚೂಪು ಅಂಚು ಸಿಗುತ್ತಿದ್ದರೆ. ದೊಡ್ಡ ಡೆಂಟ್ ಇದ್ದು ಟಿಂಕರಿಂಗ್ ಮಾಡಿಸಲೇಬೇಕಿದ್ದರೆ. ಇಲ್ಲವೇ ಬಂಪರ್‌ಗೆ ಪೇಂಟ್ ಹೊಡೆಸಲು ತೀರ್ಮಾನಿಸಿದ್ದರೆ.

ಮತ್ತೆ ಕ್ರೋಮ್ ಹಾಕಿಸುವವರು ಒಂದು ಮಾತು ಕೇಳಿ. ನೀವು ಮನೆಯಲ್ಲಿ ಏನೂ ತೆಗೆಯುವುದು ಬೇಡ. ಪ್ಲೇಟಿಂಗ್ ಮಾಡುವವರು ಹಳೆ ಕ್ರೋಮ್, ನಿಕ್ಕಲ್ ಎರಡನ್ನೂ ತಮ್ಮ ತೊಟ್ಟಿಯಲ್ಲಿ ಹೇಗೂ ಬಿಡಿಸಿಕೊಳ್ಳುತ್ತಾರೆ. ನೀವು ಅರ್ಧ ಮಾಡಿಕೊಟ್ಟರೂ ಅವರು ಮೊದಲಿಂದಲೇ ಶುರು ಮಾಡುತ್ತಾರೆ. ಬೆಂಗಳೂರಿನ ಪೀಣ್ಯದಲ್ಲಿ ಇಂಥ ಘಟಕಗಳು ಬೇಕಾದಷ್ಟಿವೆ. ಹಳೆ ಕಂಬಳಿ ಸುತ್ತಿ, ಮೇಲೆ ಗೋಣಿಚೀಲ ಹೊಲಿದು ಪಾರ್ಸಲ್ ಲಾರಿಗೆ ಹಾಕಬಹುದು. ಕಳಿಸುವ ಮೊದಲು ಎರಡು ಪ್ರಶ್ನೆ ಕೇಳಿ: ನಿಕ್ಕಲ್ ಕೆಳಗೆ ತಾಮ್ರ ಹಾಕ್ತೀರಾ? ನಿಮ್ಮಲ್ಲಿ ಕೊಳೆನೀರು ಶುದ್ಧ ಮಾಡುವ ವ್ಯವಸ್ಥೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇದೆಯಾ? ಎರಡಕ್ಕೂ ನೇರ ಉತ್ತರ ಕೊಡುವವರಿಗೇ ಬಂಪರ್ ಕೊಡಿ, ನೂರಿನ್ನೂರು ಜಾಸ್ತಿ ಆದರೂ ಸರಿ.

ಪೇಂಟ್‌ಗಾಗಿ ತೆಗೆಯುವವರಿಗೆ, ಮತ್ತು ಟಿಂಕರ್ ಮೇಸ್ತ್ರಿಗೆ ಕೊಡುವ ಮೊದಲು ಮೇಲ್ಪದರ ಹೋಗಬೇಕು ಅನ್ನುವವರಿಗೆ ಮುಂದಿನ ಮಾತು.

ಆಯಸ್ಕಾಂತ ಹಿಡಿದು ನೋಡಿ

ಆಸಿಡ್ ಮುಟ್ಟುವ ಮೊದಲು ಇದು ಕಡ್ಡಾಯ. ಅಂಬಾಸಿಡರ್, ಪದ್ಮಿನಿ ಬಂಪರ್‌ಗಳು ಉಕ್ಕಿನವು, ಆಯಸ್ಕಾಂತ ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಹಳೆ ಕಾರುಗಳ ಬಾಗಿಲ ಹಿಡಿ, ಹೆಸರಿನ ಬಿಲ್ಲೆ, ಕೆಲವು ಗ್ರಿಲ್ ಭಾಗ, ದೀಪದ ಸುತ್ತಿನ ಬಳೆ, ಇವು ಸತುವಿನ ಅಚ್ಚು ಎರಕ ಇರಬಹುದು, ಹಿತ್ತಾಳೆ ಇರಬಹುದು. ಸತುವನ್ನು ಆಸಿಡ್ ನೋಡನೋಡುತ್ತಲೇ ತಿಂದುಹಾಕುತ್ತದೆ. ಒಮ್ಮೆ ಹೋದ ಬಿಲ್ಲೆ ಮತ್ತೆ ಸಿಗುವುದು ಕಷ್ಟ. ಆಯಸ್ಕಾಂತ ಹಿಡಿಯದ ಅಥವಾ ಸುಮ್ನೆ ತಾಗಿದಂತೆ ಹಿಡಿಯುವ ಯಾವ ಭಾಗವನ್ನೂ ಮನೆಯಲ್ಲಿ ಆಸಿಡ್‌ಗೆ ಹಾಕಬೇಡಿ. ಬಂಪರ್ ಮೇಲೆ ನಿಲ್ಲಿಸಿರುವ ಗಾರ್ಡ್‌ಗಳನ್ನು ಬಿಚ್ಚಿ ಬೇರೆಯಾಗಿ ಪರೀಕ್ಷಿಸಿ.

ಹಳೆಯ ಕೆಲವು ವಿದೇಶಿ ಕಾರುಗಳ ಬಂಪರ್ ಸ್ಪ್ರಿಂಗ್ ಉಕ್ಕಿನದು. ಅಂಥ ಗಟ್ಟಿ ಉಕ್ಕು ಆಸಿಡ್‌ನಲ್ಲಿ ಹೈಡ್ರೋಜನ್ ಹೀರಿಕೊಂಡು ಒಳಗೊಳಗೇ ಪೆಡಸಾಗುತ್ತದೆ, ಆಮೇಲೆ ಒತ್ತಡ ಬಿದ್ದಾಗ ಬಿರುಕು ಬಿಡುತ್ತದೆ. ಅದನ್ನು ಪ್ಲೇಟಿಂಗ್ ಗೊತ್ತಿರುವವರಿಗೇ ಬಿಡಿ.

ಮನೆಯಲ್ಲಿ ಮಾಡಲೇಬಾರದ ದಾರಿಗಳು

ಬ್ಯಾಟರಿ ಚಾರ್ಜರ್, ಕಾಸ್ಟಿಕ್ ಸೋಡಾ ನೀರು, ಬಂಪರ್‌ಗೆ ಪಾಸಿಟಿವ್ ವೈರ್. ಹೀಗೆ ಕರೆಂಟ್ ಹಾಯಿಸಿ ಕ್ರೋಮ್ ಬಿಡಿಸುವ ವಿಡಿಯೋಗಳು ಬೇಕಾದಷ್ಟಿವೆ. ಕೆಲಸ ಆಗುವುದು ನಿಜ, ಕಾರ್ಖಾನೆಗಳಲ್ಲೂ ಹೀಗೆ ಮಾಡುತ್ತಾರೆ. ಆದರೆ ಆ ನೀರು ಹಳದಿಯಾಗುತ್ತದಲ್ಲ, ಆ ಹಳದಿಯೇ ಹೆಕ್ಸಾವೆಲೆಂಟ್ ಕ್ರೋಮಿಯಂ. ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲ ಗುಂಪಿನಲ್ಲಿ ಇಟ್ಟಿರುವ ವಸ್ತು ಅದು. ಕರೆಂಟ್ ಹಾಯುವಾಗ ಏಳುವ ಗುಳ್ಳೆ ಒಡೆದು ಅದು ಸಣ್ಣ ತುಂತುರಾಗಿ ಗಾಳಿಗೆ ಸೇರಿ ಉಸಿರಿಗೆ ಹೋಗುತ್ತದೆ. ಕಾಸ್ಟಿಕ್ ಬದಲು ಉಪ್ಪುನೀರು ಹಾಕಿದರೆ ಕ್ಲೋರಿನ್ ಅನಿಲ ಬೇರೆ. ಈ ದಾರಿ ಬೇಡ. ಇದರಲ್ಲಿ "ಸ್ವಲ್ಪ ಹುಷಾರಾಗಿ ಮಾಡಿದರೆ ಆಯ್ತು" ಅನ್ನುವ ಮಾತೇ ಇಲ್ಲ.

ಗ್ರೈಂಡರ್ ಹಿಡಿದು ಒಣದಾಗಿ ಉಜ್ಜುವುದೂ ಒಳ್ಳೆಯದಲ್ಲ. ಕ್ರೋಮ್ ತುಂಬ ಗಟ್ಟಿ, ಡಿಸ್ಕ್ ಮೇಲೆ ಡಿಸ್ಕ್ ಸವೆಯುತ್ತದೆ, ತಗಡು ಕಾದು ಸೊಟ್ಟಗಾಗುತ್ತದೆ. ನಿಕ್ಕಲ್ ಧೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದ್ದು. ಗಾಳಿಯ ಒತ್ತಡದಲ್ಲಿ ಹೊಳೆಮರಳು ಚಿಮ್ಮಿಸಿ ಉಜ್ಜುವ ಬ್ಲಾಸ್ಟಿಂಗ್ ಮಾಡಿಸಿದರೆ ಸಿಲಿಕಾ ಧೂಳು, ಅದರಿಂದ ಸಿಲಿಕೋಸಿಸ್. ಗಣಿ ಸೀಮೆಯ ನಮಗೆ ಧೂಳಿನ ಕಾಯಿಲೆಗಳ ಬಗ್ಗೆ ಬೇರೆಯವರು ಹೇಳಬೇಕಾಗಿಲ್ಲ. ಕ್ರೋಮ್ ಹೋದ ಮೇಲೆ ಉಳಿದ ತುಕ್ಕಿಗೆ ಬ್ಲಾಸ್ಟಿಂಗ್ ಬೇಕಾದರೆ ಮರಳಿನ ಬದಲು ಗಾರ್ನೆಟ್ ಕಲ್ಲಿನ ಪುಡಿ ಹಾಕುವವರ ಹತ್ತಿರ, ಕಡಿಮೆ ಒತ್ತಡದಲ್ಲಿ ಮಾಡಿಸಿ.

ಇನ್ನೊಂದು: ಕ್ರೋಮ್ ಇರುವಾಗಲೇ ಗ್ಯಾಸ್ ಕಟರ್‌ನಿಂದ ಕಾಯಿಸುವುದು, ವೆಲ್ಡಿಂಗ್ ಮಾಡುವುದು ಬೇಡ. ಆ ಹೊಗೆಯಲ್ಲೂ ಅದೇ ಹೆಕ್ಸಾವೆಲೆಂಟ್ ಕ್ರೋಮಿಯಂ ವಿಷ ಇರುತ್ತದೆ. "ಏನಾಗಲ್ಲಣ್ಣ, ಎರಡೇ ಟಾಕಾ" ಅಂತ ಮೇಸ್ತ್ರಿ ಅಂದರೂ ಒಪ್ಪಬೇಡಿ. ಅವರು ದಿನಾ ಅದೇ ಗಾಳಿ ಕುಡಿಯುವವರು. ಅವರಿಗಾಗಿಯಾದರೂ ಮೊದಲು ಆ ಜಾಗದ ಕ್ರೋಮ್ ತೆಗೆದುಕೊಡಿ.

ಬಿಚ್ಚುವುದು, ತೊಳೆಯುವುದು

ಬಂಪರ್ ಕಾರಿನ ಮೇಲಿರುವಾಗ ಆಸಿಡ್ ಹಾಕುವ ಯೋಚನೆಯೇ ಬೇಡ. ಬೋಲ್ಟ್‌ಗಳು ತುಕ್ಕು ಹಿಡಿದು ಜಾಮ್ ಆಗಿರುತ್ತವೆ. ಹಿಂದಿನ ರಾತ್ರಿಯೇ ಡಬ್ಲ್ಯೂಡಿ-40 ಹೊಡೆದು ಬಿಡಿ. ಬೆಳಿಗ್ಗೆ ರಿಂಗ್ ಸ್ಪ್ಯಾನರ್‌ನಲ್ಲಿ ಮೊದಲು ಸ್ವಲ್ಪ ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಯಾವ ಬೋಲ್ಟ್ ಎಲ್ಲಿಯದು ಅಂತ ಫೋಟೋ ತೆಗೆದಿಡಿ. ಹಳೆ ಬೋಲ್ಟ್‌ನ ಗುಂಡು ತಲೆಗೂ ಕ್ರೋಮ್ ಇರುತ್ತದೆ. ಅವು ಚೆನ್ನಾಗಿದ್ದರೆ ಬೇರೆ ಡಬ್ಬಿಯಲ್ಲಿ ಎತ್ತಿಡಿ, ಅವನ್ನು ಆಸಿಡ್‌ಗೆ ಹಾಕುವ ಅಗತ್ಯ ಇಲ್ಲ.

ಡಾಂಬರು ಕಲೆಯನ್ನು ಸೀಮೆಎಣ್ಣೆಯಿಂದ ಒರೆಸಿ. ಆಮೇಲೆ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಇಡೀ ಬಂಪರ್ ತಿಕ್ಕಿ ತೊಳೆಯಿರಿ. ಜಿಡ್ಡು, ಹಳೆ ಪಾಲಿಶ್ ಉಳಿದ ಜಾಗದಲ್ಲಿ ಆಸಿಡ್ ಕೆಲಸ ಮಾಡುವುದಿಲ್ಲ, ತೇಪೆ ತೇಪೆಯಾಗಿ ಕ್ರೋಮ್ ಉಳಿಯುತ್ತದೆ. ತೊಳೆದ ಮೇಲೆ ನೀರು ಹನಿಹನಿಯಾಗಿ ನಿಲ್ಲದೆ ಒಂದೇ ಹಾಳೆಯಂತೆ ಹರಡಿದರೆ ಜಿಡ್ಡು ಹೋಗಿದೆ ಅಂತ ಅರ್ಥ.

ಬಂಪರ್‌ನ ಹಿಂಬದಿಗೆ ಸಾಮಾನ್ಯವಾಗಿ ಸರಿಯಾದ ಪ್ಲೇಟಿಂಗ್ ಇರುವುದಿಲ್ಲ. ಬರೀ ಉಕ್ಕು, ಇಲ್ಲವೇ ಹಳೆ ಬಣ್ಣ. ಆಸಿಡ್ ಅಲ್ಲಿಗೆ ಇಳಿದರೆ ಉಕ್ಕನ್ನೇ ತಿನ್ನುತ್ತದೆ. ಮೇಣದಬತ್ತಿ ಕರಗಿಸಿ ಹಳೆ ಬ್ರಷ್‌ನಿಂದ ಹಿಂಬದಿಗೆ, ಅಂಚಿಗೆ, ಬೋಲ್ಟ್ ತೂತುಗಳಿಗೆ ಬಳಿಯಿರಿ. ಮೇಣವನ್ನು ಈ ಆಸಿಡ್ ಏನೂ ಮಾಡುವುದಿಲ್ಲ.

ಆಸಿಡ್, ಜಾಗ, ಹೊತ್ತು

ಬೇಕಾಗಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಅಂಗಡಿಯಲ್ಲಿ ಸಿಗುವುದು ಸುಮಾರು 30 ಪರ್ಸೆಂಟ್‌ನದು. ಕ್ರೋಮ್ ಇದರಲ್ಲಿ ಬೇಗ ಕರಗುತ್ತದೆ, ನಿಕ್ಕಲ್ ತುಂಬ ನಿಧಾನ. ಈ ವ್ಯತ್ಯಾಸವೇ ನಮಗೆ ಅನುಕೂಲ. ಆಸಿಡ್ ಮಾರುವವರು ಕೊಂಡವರ ಹೆಸರು, ವಿಳಾಸ ಬರೆದಿಡಬೇಕು, ಗುರುತಿನ ಚೀಟಿ ನೋಡಬೇಕು, ಕಾರಣ ಕೇಳಬೇಕು, 18 ವರ್ಷದೊಳಗಿನವರಿಗೆ ಮಾರಬಾರದು. 2013ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಆದೇಶ ಮಾಡಿದ್ದು ಹೆಣ್ಣುಮಕ್ಕಳ ಮೇಲಿನ ಆಸಿಡ್ ದಾಳಿ ತಡೆಯಲು. ಆಧಾರ್ ತೆಗೆದುಕೊಂಡು ಹೋಗಿ, ರಿಜಿಸ್ಟರ್‌ನಲ್ಲಿ ಬರೆಸಿ. ಬೇಕಾದಷ್ಟೇ ತನ್ನಿ. ಕುಡಿಯುವ ನೀರಿನ ಖಾಲಿ ಬಾಟಲಿಗೆ ಯಾವ ಕಾರಣಕ್ಕೂ ಸುರಿದಿಡಬೇಡಿ. ಮಕ್ಕಳು ಕುಡಿದುಬಿಡುವ ಅನಾಹುತ ಆಗುವುದೇ ಹಾಗೆ.

ಸಣ್ಣ ಭಾಗಕ್ಕಾದರೆ ಟಾಯ್ಲೆಟ್ ತೊಳೆಯುವ ದಪ್ಪ ದ್ರಾವಣವೂ ಸಾಕು. ಅನೇಕ ದ್ರಾವಣಗಳಲ್ಲಿ ಇದೇ ಆಸಿಡ್ ಸುಮಾರು 10 ಪರ್ಸೆಂಟ್ ಇರುತ್ತದೆ, ಲೇಬಲ್ ಓದಿ. ಅಂಟಂಟಾಗಿರುವುದರಿಂದ ನಿಂತ ಜಾಗದಲ್ಲೇ ನಿಲ್ಲುತ್ತದೆ. ಆದರೆ ಬ್ಲೀಚ್ ಇರುವ ದ್ರಾವಣವೂ ಅಂಥದೇ ಬಾಟಲಿಯಲ್ಲಿ ಬರುತ್ತದೆ. ಆಸಿಡ್‌ಗೆ ಬ್ಲೀಚ್ ಅಥವಾ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಜೀವಕ್ಕೇ ಅಪಾಯ. ಎರಡೂ ಒಂದೇ ಜಾಗದಲ್ಲಿ ಇರಲೇಬಾರದು.

ಹೊತ್ತಿನ ವಿಷಯ ನಮ್ಮ ಕಡೆ ಬಹಳ ಮುಖ್ಯ. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾದಷ್ಟೂ ಈ ಆಸಿಡ್‌ನಿಂದ ಹೊಗೆ ಜಾಸ್ತಿ. ನವೆಂಬರ್‌ನಿಂದ ಜನವರಿವರೆಗಿನ ಬೆಳಗಿನ ಹೊತ್ತು ಒಳ್ಳೆಯದು. ಮೇಲೆ ಸೂರು ಇರಬಾರದು, ಗ್ಯಾರೇಜ್ ಒಳಗೆ ಬೇಡ. ಗಾಳಿ ಯಾವ ಕಡೆ ಬೀಸುತ್ತದೆ ನೋಡಿ, ಅದಕ್ಕೆ ಬೆನ್ನು ಮಾಡಿ ನಿಲ್ಲಿ. ಕಾರು, ಸ್ಪ್ಯಾನರ್ ಪೆಟ್ಟಿಗೆ ದೂರ ಇರಲಿ. ಆ ಹೊಗೆ ತಾಗಿದ ಕಬ್ಬಿಣವೆಲ್ಲ ಮಾರನೇ ದಿನಕ್ಕೆ ತುಕ್ಕು ಹಿಡಿಯುತ್ತದೆ. ಕೆಲಸದಲ್ಲಿ ಹೈಡ್ರೋಜನ್ ಅನಿಲವೂ ಹುಟ್ಟುತ್ತದೆ, ಆದ್ದರಿಂದ ಹತ್ತಿರದಲ್ಲಿ ಬೀಡಿ, ಒಲೆ, ಗ್ರೈಂಡರ್ ಕಿಡಿ ಯಾವುದೂ ಇರಬಾರದು.

ಮೈಮೇಲೆ: ಮೊಣಕೈವರೆಗಿನ ರಬ್ಬರ್ ಅಥವಾ ಪಿವಿಸಿ ಗ್ಲೌಸ್, ಕಣ್ಣಿನ ಸುತ್ತ ಪೂರ್ತಿ ಮುಚ್ಚುವ ಕನ್ನಡಕ, ಗಮ್‌ಬೂಟ್, ಪ್ಲಾಸ್ಟಿಕ್ ಏಪ್ರನ್. ಮೂಗಿಗೆ ಆಸಿಡ್ ಅನಿಲ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಟವೆಲ್ ಕಟ್ಟಿಕೊಂಡರೆ ಅಥವಾ ಎನ್-95 ಹಾಕಿಕೊಂಡರೆ ಈ ಅನಿಲ ನಿಲ್ಲುವುದಿಲ್ಲ. ಪಕ್ಕದಲ್ಲಿ ಎರಡು ಬಕೆಟ್ ಬರೀ ನೀರು, ಒಂದು ಬಕೆಟ್ ಅಡುಗೆ ಸೋಡಾ ಕಲಸಿದ ನೀರು. ಮೈಗೆ ಸಿಡಿದರೆ ಬರೀ ನೀರಲ್ಲೇ ಹದಿನೈದು ಇಪ್ಪತ್ತು ನಿಮಿಷ ಬಿಡದೆ ತೊಳೆಯಬೇಕು. ಸೋಡಾ ನೀರು ಬಂಪರ್‌ಗೆ, ನೆಲಕ್ಕೆ. ಕಣ್ಣಿಗಲ್ಲ, ಮೈಗಲ್ಲ. ಕಣ್ಣಿಗೆ ಬಿದ್ದರೆ ರೆಪ್ಪೆ ತೆರೆದು ಅಷ್ಟೇ ಹೊತ್ತು ತೊಳೆದು, ನೇರ ಆಸ್ಪತ್ರೆಗೆ. ಒಬ್ಬರೇ ಈ ಕೆಲಸಕ್ಕೆ ಇಳಿಯಬೇಡಿ, ಮನೆಯವರೊಬ್ಬರು ಕೂಗಳತೆಯಲ್ಲಿ ಇರಲಿ.

ಕ್ರೋಮ್ ಬಿಡಿಸುವುದು

ಅಂಬಾಸಿಡರ್ ಬಂಪರ್ ಐದೂವರೆ ಅಡಿ ಹತ್ತಿರ ಇದೆ. ಅದು ಮುಳುಗುವಷ್ಟು ತೊಟ್ಟಿ ಕಟ್ಟಿದರೆ ಆಸಿಡ್ ನೀರೇ ಐವತ್ತು ಲೀಟರ್ ದಾಟುತ್ತದೆ. ಅಷ್ಟು ವಿಷದ ನೀರನ್ನು ಆಮೇಲೆ ಎಲ್ಲಿ ಹಾಕುತ್ತೀರಿ? ಆದ್ದರಿಂದ ಮುಳುಗಿಸುವುದು ಬೇಡ, ಬಟ್ಟೆ ಹಾಸಿ ನೆನೆಸೋಣ.

ನೆಲದ ಮೇಲೆ ಇಟ್ಟಿಗೆ ಸಾಲು ಜೋಡಿಸಿ ಬಂಪರ್‌ಗಿಂತ ಸ್ವಲ್ಪ ಉದ್ದ, ಅಗಲದ ಒಂದು ತಟ್ಟೆ ಮಾಡಿ. ಅದರೊಳಗೆ ದಪ್ಪ ಪಾಲಿಥೀನ್ ಹಾಳೆ ಎರಡು ಮಡಿಕೆ ಹಾಸಿ. ಬಂಪರ್‌ನ ಹೊಳೆಯುವ ಮುಖ ಮೇಲೆ ಮಾಡಿ ಇಡಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮೊದಲು ಮೂರು ಲೀಟರ್ ನೀರು, ಆಮೇಲೆ ಅದಕ್ಕೆ ನಿಧಾನವಾಗಿ ಒಂದೂವರೆ ಲೀಟರ್ ಆಸಿಡ್. ಈ ಕ್ರಮ ತಪ್ಪಬಾರದು. ಆಸಿಡ್‌ಗೆ ನೀರು ಸುರಿದರೆ ಕಾದು ಮುಖಕ್ಕೆ ಸಿಡಿಯಬಹುದು. ಲೋಹದ ಬಕೆಟ್, ಲೋಹದ ಮಗ್ ಮುಟ್ಟಬೇಡಿ.

ಹಳೆ ಟೆರಿಕಾಟ್ ಬಟ್ಟೆಯ ಪಟ್ಟಿಗಳನ್ನು ಬಂಪರ್ ಮೇಲೆ ಹಾಸಿ, ಪ್ಲಾಸ್ಟಿಕ್ ಮಗ್‌ನಿಂದ ದ್ರಾವಣ ಸುರಿಯುತ್ತ ಬನ್ನಿ. ಕೆಳಗೆ ಹಾಳೆಯಲ್ಲಿ ಸೇರಿದ್ದನ್ನೇ ಮತ್ತೆ ಮೊಗೆದು ಹಾಕಿ. ಸ್ವಲ್ಪ ಹೊತ್ತಿಗೆ ಚುರುಚುರು ಸದ್ದು ಬಂದು ಸಣ್ಣ ಗುಳ್ಳೆ ಏಳುತ್ತವೆ. ಅದು ಕ್ರೋಮ್ ಕರಗುತ್ತಿರುವ ಗುರುತು.

ಏನೂ ಆಗದೆ ಸುಮ್ಮನೆ ಇದ್ದರೆ ಗಾಬರಿ ಬೇಡ, ಆಸಿಡ್ ಜಾಸ್ತಿ ಮಾಡಲೂ ಬೇಡ. ಕ್ರೋಮ್ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಇರುತ್ತದೆ. ಅದೇ ಕ್ರೋಮ್‌ನ್ನು ಇಷ್ಟು ವರ್ಷ ಕಾಪಾಡಿದ್ದು. ಕಬ್ಬಿಣದ ಮೊಳೆ ತೆಗೆದುಕೊಂಡು ಆಸಿಡ್ ಇರುವ ಜಾಗದಲ್ಲಿ ಒಂದೆರಡು ಕಡೆ ಗೀರಿ. ಪೊರೆ ಒಡೆದ ಜಾಗದಿಂದ ಗುಳ್ಳೆ ಶುರುವಾಗಿ ಹರಡುತ್ತದೆ.

ಆಗಾಗ ಪಟ್ಟಿ ಎತ್ತಿ ಬಣ್ಣ ನೋಡಿ. ಕ್ರೋಮ್‌ನ ಹೊಳಪಿನಲ್ಲಿ ನೀಲಿ ಛಾಯೆ ಇರುತ್ತದೆ. ನಿಕ್ಕಲ್‌ಗೆ ಸ್ವಲ್ಪ ಹಳದಿ ಮಿಶ್ರಿತ ಬಿಳುಪು. ನೀಲಿ ಹೋಗಿ ಹಳದಿ ಬಿಳುಪು ಬಂದ ಜಾಗದಲ್ಲಿ ಕೆಲಸ ಮುಗಿದಿದೆ. ಈ ಎರಡು ಬಣ್ಣ ಅಕ್ಕಪಕ್ಕ ಒಮ್ಮೆ ಕಂಡರೆ ಸಾಕು, ಆಮೇಲೆ ಕಣ್ಣು ತಾನಾಗಿ ಹಿಡಿಯುತ್ತದೆ. ಮುಗಿದ ಕಡೆಯ ಪಟ್ಟಿಯನ್ನು ಇನ್ನೂ ನೀಲಿ ಇರುವ ಕಡೆಗೆ ಸರಿಸಿ. ದ್ರಾವಣ ಹಸಿರಾಗುತ್ತ ಬರುತ್ತದೆ.

ಚಿಕ್ಕ ತೇಪೆಗಳಿಗೆ ಹತ್ತು ನಿಮಿಷ ಸಾಕಾಗಬಹುದು, ಇಡೀ ಬಂಪರ್‌ಗೆ ಅರ್ಧ ಗಂಟೆ. ಗುಳ್ಳೆ ನಿಂತ ಮೇಲೆ ಒಂದು ನಿಮಿಷವೂ ಬಿಡಬೇಡಿ. "ರಾತ್ರಿ ಇಡೀ ನೆನೆಯಲಿ" ಅಂತ ಬಿಟ್ಟರೆ ತುಕ್ಕು ರಂಧ್ರಗಳೊಳಗೆ ಆಸಿಡ್ ಇಳಿದು ಉಕ್ಕು ತಿಂದು, ಸಣ್ಣ ಚುಕ್ಕೆ ಇದ್ದಲ್ಲಿ ಗುಂಡಿ ಮಾಡುತ್ತದೆ. ಆ ಗುಂಡಿ ತುಂಬಲು ಆಮೇಲೆ ಪಡುವ ಕಷ್ಟ ಈ ಅರ್ಧ ಗಂಟೆಗಿಂತ ಎಷ್ಟೋ ದೊಡ್ಡದು.

ತೊಳೆದು ಒಣಗಿಸುವುದು

ಪೈಪ್ ಹಿಡಿದು ತೊಳೆಯಬೇಡಿ. ಹರಿದ ನೀರೆಲ್ಲ ವಿಷದ ನೀರು, ಅದೆಲ್ಲವನ್ನೂ ನೀವೇ ಹಿಡಿದಿಡಬೇಕು. ಒದ್ದೆ ಸ್ಪಂಜಿನಿಂದ ಒರೆಸಿ, ಹಿಂಡಿದ್ದನ್ನು ಅದೇ ಹಾಳೆಗೆ ಬಿಡಿ. ಆಮೇಲೆ ಸೋಡಾ ನೀರಲ್ಲಿ ಒರೆಸಿ. ಬುರುಗು ಬರುವುದು ನಿಲ್ಲುವವರೆಗೆ ಒರೆಸುತ್ತಿರಿ. ಕೊನೆಯದಾಗಿ ಬಿಸಿನೀರು.

ನಮ್ಮ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಉಪ್ಪಿನ ಕಲೆ ಬಿಡುತ್ತದೆ. ಕೊನೆಯ ಸಲಕ್ಕೆ ಆರ್‌ಒ ನೀರು ಸಿಕ್ಕರೆ ಚೆನ್ನ. ಕೂಡಲೇ ಒಣ ಬಟ್ಟೆಯಿಂದ ಒರೆಸಿ ಬಿಸಿಲಿಗಿಡಿ. ಉಕ್ಕು ಬಯಲಾದ ಕಡೆ ಕೆಲವೇ ನಿಮಿಷಕ್ಕೆ ಹೊಸ ತುಕ್ಕು ಹತ್ತುತ್ತದೆ. ಆಸಿಡ್ ಬಿಸಿಲಲ್ಲಿ ಬೇಡ ಅಂದೆ, ಆದರೆ ಇಲ್ಲಿ ಬಳ್ಳಾರಿ ಬಿಸಿಲು ನಮ್ಮ ಪರ. ಒಣಗಿದ ಮೇಲೆ ಮೇಣ ಕೆರೆದು ತೆಗೆಯಿರಿ. ಅದೇ ದಿನ ಪ್ರೈಮರ್ ಹೊಡೆಯಲು ಆಗದಿದ್ದರೆ ತೆಳುವಾಗಿ ಎಣ್ಣೆ ಸವರಿಡಿ.

ಉಳಿದ ಹಸಿರು ನೀರು

ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ದಯವಿಟ್ಟು ಇದನ್ನು ಪೂರ್ತಿ ಓದಿ.

ಒಂದು ಬಂಪರ್‌ನಿಂದ ಕರಗುವ ಕ್ರೋಮಿಯಂ ಸುಮಾರು ಒಂದು ಗ್ರಾಂ. ಅಷ್ಟೇನಾ ಅನ್ನಿಸುತ್ತದೆ, ಅಲ್ವಾ? ಕುಡಿಯುವ ನೀರಿನಲ್ಲಿ ಕ್ರೋಮಿಯಂ ಇರಬಹುದಾದ ಭಾರತೀಯ ಮಾನಕದ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಲೆಕ್ಕ ಹಾಕಿದರೆ ಆ ಒಂದು ಗ್ರಾಂ 20,000 ಲೀಟರ್ ನೀರನ್ನು ಮಿತಿಯ ಅಂಚಿಗೆ ತರುತ್ತದೆ. ನಿಕ್ಕಲ್‌ನ ಮಿತಿ ಇನ್ನೂ ಕಡಿಮೆ, 0.02 ಮಿಲಿಗ್ರಾಂ.

ಆಸಿಡ್‌ನಲ್ಲಿ ಕರಗಿದ ಈ ಹಸಿರು ಕ್ರೋಮಿಯಂ ಹಳದಿಯದರಷ್ಟು ವಿಷವಲ್ಲ, ನಿಜ. ಆದರೆ ಮಣ್ಣಿಗೆ ಸುರಿದರೆ ಅಲ್ಲಿರುವ ಮ್ಯಾಂಗನೀಸ್ ಆಕ್ಸೈಡ್ ಅದನ್ನು ಹಳದಿ, ಅಂದರೆ ಹೆಕ್ಸಾವೆಲೆಂಟ್ ರೂಪಕ್ಕೆ ತಿರುಗಿಸಬಲ್ಲದು. ಸಂಡೂರು ಮ್ಯಾಂಗನೀಸ್ ಅದಿರಿಗೇ ಹೆಸರಾದ ಊರು. ನಮ್ಮ ಸೀಮೆಯಲ್ಲಿ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಜೀನ್ಸ್ ಘಟಕಗಳಲ್ಲಿ ಬಟ್ಟೆ ತೊಳೆದ ಬಣ್ಣದ ನೀರು ಚರಂಡಿ ಸೇರಿದರೆ ಏನಾಗುತ್ತದೆ ಅಂತ ಬಳ್ಳಾರಿಯವರು ನೋಡಿದ್ದೇವೆ. ಬಂಪರ್ ನೀರು ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ, ಅದಕ್ಕೇ ಇನ್ನೂ ಎಚ್ಚರ ಬೇಕು. ಚರಂಡಿಗೆ, ಕಾಲುವೆಗೆ, ಹಗರಿ ಹೊಳೆಯ ದಂಡೆಗೆ, ಎರೆ ಹೊಲದ ಬದುವಿಗೆ, ಹಿತ್ತಲ ಗುಂಡಿಗೆ, ಎಲ್ಲಿಗೂ ಹಾಕಬೇಡಿ.

ಮಾಡಬೇಕಾದ್ದು ಹೀಗೆ. ಹಾಳೆಯಲ್ಲಿರುವುದು, ಸ್ಪಂಜು ಹಿಂಡಿದ್ದು, ತೊಳೆದ ನೀರು ಎಲ್ಲವನ್ನೂ ದೊಡ್ಡ ಪ್ಲಾಸ್ಟಿಕ್ ಟಬ್‌ಗೆ ಸೇರಿಸಿ. ಟಬ್ ಅರ್ಧದಷ್ಟು ಖಾಲಿ ಇರಬೇಕು, ಬುರುಗು ಉಕ್ಕುತ್ತದೆ. ವಾಷಿಂಗ್ ಸೋಡಾ ಪುಡಿಯನ್ನು ಚಮಚ ಚಮಚವಾಗಿ ಹಾಕುತ್ತ ಕೋಲಿನಿಂದ ಕಲಕಿ. ಒಂದು ಲೀಟರ್ ಅಂಗಡಿ ಆಸಿಡ್‌ಗೆ ಸುಮಾರು ಅರ್ಧ ಕೆಜಿ ಪುಡಿ ಹಿಡಿಯುತ್ತದೆ, ಹರಳಿನ ಸೋಡಾ ಆದರೆ ಅದಕ್ಕಿಂತ ಜಾಸ್ತಿ. ಆಸಿಡ್ ಎಷ್ಟು ಉಳಿದಿದೆ ಅಂತ ಬಣ್ಣ ಬದಲಿಸಿ ತೋರಿಸುವ ಪಿಎಚ್ ಕಾಗದ ಅದ್ದಿ ನೋಡುತ್ತ ಇರಿ. ಒಂಬತ್ತರ ಹತ್ತಿರ ಬಂದಾಗ ನಿಲ್ಲಿಸಿ. ಕ್ರೋಮಿಯಂ, ಕಬ್ಬಿಣ, ನಿಕ್ಕಲ್‌ನ ಬಹುಪಾಲು ಹಸಿರು-ಕಂದು ಗಸಿಯಾಗಿ ತಳಕ್ಕೆ ಇಳಿಯುತ್ತದೆ. ಮೇಲೆ ತಿಳಿನೀರು ನಿಂತರೂ ಅದರಲ್ಲಿ ಸ್ವಲ್ಪ ನಿಕ್ಕಲ್ ಉಳಿದಿರುತ್ತದೆ. ತಿಳಿಯಾಯಿತು ಅಂತ ಅದನ್ನು ಚೆಲ್ಲಬೇಡಿ.

ಅಷ್ಟೂ ನೀರನ್ನು ಅಗಲವಾದ ಪ್ಲಾಸ್ಟಿಕ್ ತಟ್ಟೆಗಳಿಗೆ ಹಾಕಿ, ಮೇಲೆ ಬಲೆ ಕಟ್ಟಿ, ಮಕ್ಕಳು, ದನ, ನಾಯಿ, ಕೋಳಿ ಹೋಗದ ಕಡೆ ಬಿಸಿಲಿಗಿಡಿ. ಮಳೆ ಬೀಳಬಾರದು. ನಮ್ಮ ಬಿಸಿಲಿಗೆ ನೀರು ತಾನಾಗಿ ಆವಿಯಾಗುತ್ತದೆ. ಒಲೆ ಮೇಲೆ ಕಾಯಿಸಬೇಡಿ. ಪೂರ್ತಿ ಒಣಗಿ ಪುಡಿಯಾಗುವ ಮೊದಲೇ, ಇನ್ನೂ ಹಸಿ ಮುದ್ದೆ ಇರುವಾಗ ಗ್ಲೌಸ್ ಹಾಕಿಕೊಂಡು ಗಟ್ಟಿ ಮುಚ್ಚಳದ ಡಬ್ಬಕ್ಕೆ ತುಂಬಿ. ಪುಡಿಯಾದರೆ ಗಾಳಿಗೆ ಹಾರುತ್ತದೆ. ಡಬ್ಬದ ಮೇಲೆ "ವಿಷ, ಕ್ರೋಮಿಯಂ ಗಸಿ" ಅಂತ ದಪ್ಪಕ್ಷರದಲ್ಲಿ ಬರೆಯಿರಿ. ಬಳಸಿದ ಬಟ್ಟೆ ಪಟ್ಟಿಗಳನ್ನೂ ಸೋಡಾ ನೀರಲ್ಲಿ ಅದ್ದಿ ಅದಕ್ಕೇ ಸೇರಿಸಿ, ಸುಡಬೇಡಿ.

ಇದನ್ನು ಯಾರಿಗೆ ಕೊಡುವುದು? ಪ್ಲೇಟಿಂಗ್ ಘಟಕಗಳ ಗಸಿ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಅನುಮತಿ ಇರುವ ಘಟಕಗಳು ತಮ್ಮ ಗಸಿಯನ್ನು ಅದಕ್ಕೆಂದೇ ಇರುವ ವಿಲೇವಾರಿ ಜಾಗಕ್ಕೆ ಕಳಿಸುತ್ತವೆ. ಅಂಥ ಘಟಕದವರನ್ನು ಕೇಳಿಕೊಂಡರೆ ನಿಮ್ಮ ಡಬ್ಬವನ್ನೂ ಅದಕ್ಕೆ ಸೇರಿಸಬಹುದು. ಬೇರೆ ಕೆಲಸ ಕೊಡುವಾಗಲೇ ಮೊದಲು ಮಾತಾಡಿಕೊಳ್ಳಿ. ಆಗದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಿ. ಈ ಏರ್ಪಾಡು ಮಾಡಿಕೊಳ್ಳದೆ ಆಸಿಡ್ ಕೊಳ್ಳಲೇಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡಬ್ಬ ತೆಗೆದುಕೊಳ್ಳುವವರು ಸಿಗದಿದ್ದರೆ ಬಂಪರ್‌ನ್ನು ಹಾಗೇ ಪ್ಲೇಟಿಂಗ್‌ನವರಿಗೆ ಕೊಟ್ಟು ಪದರ ಬಿಡಿಸಿಕೊಂಡು ಬನ್ನಿ.

ಆಮೇಲಿನ ಕೆಲಸ

ನಿಕ್ಕಲ್ ಗಟ್ಟಿಯಾಗಿ ಹಿಡಿದಿದ್ದರೆ ಪೇಂಟ್‌ಗಾಗಿ ಅದನ್ನು ತೆಗೆಯುವ ಅಗತ್ಯ ಇಲ್ಲ. ಸಿಪ್ಪೆ ಏಳುವ ಅಂಚುಗಳನ್ನು ಮಾತ್ರ 120 ನಂಬರ್ ವಾಟರ್ ಪೇಪರ್‌ನಿಂದ ನೀರು ಹಾಕಿ ಉಜ್ಜಿ, ಬೆರಳಿಗೆ ಮೆಟ್ಟಿಲು ಸಿಗದಷ್ಟು ನಯ ಮಾಡಿ. ನೀರು ಹಾಕಿ ಉಜ್ಜಿದರೆ ನಿಕ್ಕಲ್ ಧೂಳು ಏಳುವುದಿಲ್ಲ. ಆ ಕೆಸರನ್ನೂ ಬಟ್ಟೆಯಲ್ಲಿ ಒರೆಸಿ ಅದೇ ಡಬ್ಬಕ್ಕೆ ಹಾಕಿ. ಆಮೇಲೆ ಇಡೀ ಬಂಪರ್‌ಗೆ 320 ನಂಬರ್. ಕ್ರೋಮ್ ಮೇಲೆ ಪೇಂಟ್ ನಿಲ್ಲುವುದಿಲ್ಲ, ಒರಟು ಮಾಡಿದ ನಿಕ್ಕಲ್ ಮೇಲೆ ನಿಲ್ಲುತ್ತದೆ.

ಡೆಂಟ್ ಕೆಲಸ ಈಗ ಮಾಡಿಸಿ. ಗುಂಡಿಗಳಿಗೆ ಪುಟ್ಟಿ ತುಂಬುವ ಮೊದಲು ಒಂದು ಕೋಟ್ ಎಪಾಕ್ಸಿ ಪ್ರೈಮರ್ ಹೊಡೆಸಿ. ಬರೀ ಉಕ್ಕಿನ ಮೇಲೆ ಪುಟ್ಟಿ ಹಾಕಿದರೆ ಅದು ತೇವ ಹೀರಿ ಒಳಗೇ ತುಕ್ಕು ಶುರುವಾಗುತ್ತದೆ. ಮೇಲೆ ಮತ್ತೆ ಪ್ರೈಮರ್, ಆಮೇಲೆ ನಿಮ್ಮಿಷ್ಟದ ಬಣ್ಣ. ಬೆಳ್ಳಿ ಬಣ್ಣ ಹೊಡೆದು ಕ್ರೋಮ್‌ನಂತೆ ಕಾಣಿಸಲು ಹೋಗುವುದಕ್ಕಿಂತ ಕಾರಿನ ಬಣ್ಣವನ್ನೇ ಹೊಡೆಸಿದರೆ ಘನತೆ ಇರುತ್ತದೆ.

ಹಿಂಬದಿ ಮರೆಯಬೇಡಿ. ಹಳೆ ಬಂಪರ್‌ಗಳು ಕೊಳೆಯುವುದು ಹಿಂದಿನಿಂದಲೇ. ಚಕ್ರ ಎರಚಿದ ಕೆಸರು, ಅದಿರು ಧೂಳು ಬಾಗಿದ ಅಂಚಿನೊಳಗೆ ಕೂತು ತೇವ ಹಿಡಿದುಕೊಂಡಿರುತ್ತದೆ. ಅಲ್ಲಿಗೆ ಎಪಾಕ್ಸಿ ಮೇಲೆ ಅಂಡರ್‌ಬಾಡಿ ಕೋಟಿಂಗ್ ಹೊಡೆಸಿ. ಬೋಲ್ಟ್ ತಿರುಪಿನ ಸುತ್ತುಗಳಿಗೆ ಗ್ರೀಸ್ ಸವರಿ, ತಲೆಯ ಕೆಳಗೆ ನೈಲಾನ್ ವಾಷರ್ ಹಾಕಿ ಕೂರಿಸಿ. ಮೊದಲು ಎಲ್ಲ ಬೋಲ್ಟ್‌ಗಳನ್ನೂ ಕೈಯಲ್ಲೇ ಹಿಡಿಸಿ, ಎರಡೂ ಕಡೆಯ ಅಂತರ ಅಳೆದು ಸರಿ ಮಾಡಿ, ಆಮೇಲೆ ನಡುವಿನಿಂದ ಹೊರಗಡೆಗೆ ಬಿಗಿ ಮಾಡುತ್ತ ಬನ್ನಿ.